ವಿಸ್ಕಿಗೆ ಯಾವ ನೀರು ಹಾಕಬೇಕು, ಎಷ್ಟು ಹಾಕಬೇಕು

ಶೇ 43 ಆಲ್ಕೋಹಾಲ್ ಇರುವ ವಿಸ್ಕಿ 30 ಮಿಲಿ ತಗೊಳ್ಳಿ. ಅದಕ್ಕೆ ಅಷ್ಟೇ ನೀರು ಹಾಕಿ. ಈಗ ಲೋಟದಲ್ಲಿ ಇರುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ನೀರೇ. ಯಾಕಂದ್ರೆ ಬಾಟಲಿಯೊಳಗಿನ ವಿಸ್ಕಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಬಾಟಲಿ ಆರಿಸುವಾಗ ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತೇವೆ, ಪೀಪಾಯಿ ಯಾವುದು, ಎಷ್ಟು ವರ್ಷದ್ದು ಅಂತೆಲ್ಲ ಓದುತ್ತೇವೆ. ನೀರು ಮಾತ್ರ ಕೈಗೆ ಸಿಕ್ಕಿದ್ದು.

ನನಗೆ ಬುದ್ಧಿ ಬಂದಿದ್ದು ಒಂದು ಬೂದು ಬಣ್ಣದ ಲೋಟದಿಂದ. ಸ್ನೇಹಿತರ ಮನೆಯಲ್ಲಿ ಒಳ್ಳೆ ಜೇನುಬಣ್ಣದ ವಿಸ್ಕಿ ಸುರಿದುಕೊಂಡು, ಪಕ್ಕದ ಜಗ್ಗಿನಿಂದ ನೀರು ಹಾಕಿ, ಮಾತಾಡುತ್ತಾ ಕೂತೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಜೇನುಬಣ್ಣ ಹೋಗಿ ಪಾತ್ರೆ ತೊಳೆದ ನೀರಿನ ಥರ ಮಂಕಾಗಿದೆ. ಮೊದಲು ಬೈದಿದ್ದು ವಿಸ್ಕಿಯನ್ನೇ. ನಕಲಿ ಮಾಲು ಅಂತ ತೀರ್ಮಾನವೂ ಆಯಿತು. ಆಮೇಲೆ ಗೊತ್ತಾಯಿತು, ಜಗ್ಗಿನಲ್ಲಿದ್ದದ್ದು ಸೋಸದ ಬೋರ್‌ವೆಲ್ ನೀರು, ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ವಿಸ್ಕಿಯಲ್ಲಿ ಮರದ ಟ್ಯಾನಿನ್, ಅಂದರೆ ಒಗರು ಅಂಶ, ಇರುತ್ತದೆ. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಉಪಾಯದಿಂದ. ಅಂದರೆ ನಾನು ಅವತ್ತು ಲೋಟದಲ್ಲಿ ತೆಳು ಮಸಿ ಮಾಡಿಕೊಂಡಿದ್ದೆ.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಒಳ್ಳೆಯ ನೀರು ಅಂದರೆ ವಿಸ್ಕಿಯಲ್ಲಿ ತಾನು ಇದ್ದೇನೆ ಅಂತ ತೋರಿಸಿಕೊಳ್ಳದ ನೀರು. ಅದಕ್ಕೆ ದುಬಾರಿ ಬಾಟಲಿ ಬೇಕಾಗಿಲ್ಲ, ಸ್ವಲ್ಪ ಮೂಗು ಬೇಕು. ಕ್ರಮವಾಗಿ ಹೇಳುತ್ತೇನೆ.

ಮೊದಲು ನೀರನ್ನು ದೂರ ಇಡಿ

ವಿಸ್ಕಿಯನ್ನು ಸ್ವಲ್ಪ ರಾ ಆಗಿಯೇ ಮೂಸಿ, ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಿ. ನೀರು ಹಾಕಿದ ಮೇಲೆ ಏನು ಬದಲಾಯಿತು ಅಂತ ಗೊತ್ತಾಗಬೇಕಾದರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು, ಅಲ್ವಾ? ಲೇಬಲ್ ಮೇಲೆ ಆಲ್ಕೋಹಾಲ್ ಶೇಕಡ ಎಷ್ಟಿದೆ ನೋಡಿ. 40ರಿಂದ 43 ಇದ್ದರೆ ತಯಾರಕರು ಆಗಲೇ ಸಾಕಷ್ಟು ನೀರು ಹಾಕಿಯೇ ಕಳಿಸಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಸುಮಾರು 63.5ಕ್ಕೆ ಪೀಪಾಯಿ ತುಂಬಿಸುತ್ತಾರೆ, ಬಾಟಲಿಗೆ ಇಳಿಸುವ ಮುಂಚೆ ನೀರು ಬೆರೆಸಿ 40ಕ್ಕೋ 46ಕ್ಕೋ ತರುತ್ತಾರೆ. ಆಗ ಬಳಸುವುದು ಬಹುತೇಕ ಖನಿಜ ತೆಗೆದ ನೀರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಸ್ಕ್ ಸ್ಟ್ರೆಂತ್, ಅಂದರೆ ಪೀಪಾಯಿಯಿಂದ ನೀರು ಬೆರೆಸದೆ ಇಳಿಸಿದ್ದು, ಅಂತ ಬರೆದಿದ್ದರೆ 50ರಿಂದ 60ರ ಮೇಲೂ ಇರಬಹುದು. ನೀರಿನ ನಿಜವಾದ ಕೆಲಸ ಇರುವುದು ಅಂಥ ಬಾಟಲಿಯಲ್ಲಿ.

ನೀರನ್ನು ಮೂಸಿ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ನೂರಕ್ಕೆ ತೊಂಬತ್ತು ಸಮಸ್ಯೆ ಇಲ್ಲೇ ಸಿಕ್ಕಿಬೀಳುತ್ತದೆ ಅಂತ ನನ್ನ ಅನುಭವ. ಮುಚ್ಚಳ ಇರುವ ಗಾಜಿನ ಬಾಟಲಿ ತಗೊಂಡು ಅರ್ಧದಷ್ಟು ನೀರು ತುಂಬಿ. ನೀರು ತಣ್ಣಗಿರಬಾರದು, ಉಗುರುಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ತೆಗೆದ ತಕ್ಷಣ ಮೂಗು ಹತ್ತಿರ ತಗೊಂಡು ಹೋಗಿ. ತಣ್ಣೀರು ವಾಸನೆ ಮುಚ್ಚಿಡುತ್ತದೆ, ಬೆಚ್ಚಗಿನ ನೀರು ಎಲ್ಲ ಬಿಚ್ಚಿಡುತ್ತದೆ.

ಈಜುಕೊಳದ ವಾಸನೆ ಬಂತಾ? ಕ್ಲೋರಿನ್. ಹೊಗೆಯ ವಿಸ್ಕಿ ಕುಡಿಯುವವರು ಇದನ್ನು ಸುಲಭವಾಗಿ ಗಮನಿಸುವುದಿಲ್ಲ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡ ಕೊಳೆತು ಆದ, ಉರಿಸಲು ಬರುವ ಮಣ್ಣು. ಅದರ ಹೊಗೆಗೆ ಮೊದಲೇ ಒಂದು ಆಸ್ಪತ್ರೆಯ, ಬ್ಯಾಂಡೇಜಿನ ವಾಸನೆ ಇರುತ್ತದೆ, ನೀರಿನ ಔಷಧಿ ವಾಸನೆ ಅದರೊಳಗೆ ಅಡಗಿ ಕೂತುಬಿಡುತ್ತದೆ. ವಿಸ್ಕಿಯೇ ಒರಟು ಅಂದುಕೊಂಡು ಸುಮ್ಮನಾಗುತ್ತೇವೆ. ಕ್ಲೋರಿನ್ ಮಾತ್ರ ಇದ್ದರೆ ಉಪಾಯ ಸುಲಭ. ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ, ಇಲ್ಲವಾದರೆ ಕುದಿಸಿ ಆರಿಸಿ. ಆದರೆ ಕೆಲವು ಊರುಗಳಲ್ಲಿ ನಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ತೆರೆದಿಟ್ಟರೆ ಹೋಗುವ ಜಾತಿಯಲ್ಲ, ಇದ್ದಿಲಿನ ಫಿಲ್ಟರೇ ಬೇಕು. ರಾತ್ರಿಯಿಡೀ ಇಟ್ಟರೂ ವಾಸನೆ ಹಾಗೇ ಇದ್ದರೆ ಕಾರಣ ಇದೇ ಇರಬಹುದು.

ಮಣ್ಣಿನ ವಾಸನೆ ಬಂದರೆ ಅದು ಜಿಯೋಸ್ಮಿನ್ ಎಂಬ ವಸ್ತುವಿನಿಂದ ಇರಬಹುದು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುತ್ತದಲ್ಲ, ಅದೇ ಘಮ. ಮಳೆಯಲ್ಲಿ ಚೆಂದ, ವಿಸ್ಕಿಯಲ್ಲಿ ಬೇಡ. ಮನುಷ್ಯನ ಮೂಗು ಇದನ್ನು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹಿಡಿಯುತ್ತದೆ. ಇದಕ್ಕೂ ಇದ್ದಿಲಿನ ಫಿಲ್ಟರೇ ಮದ್ದು.

ಪ್ಲಾಸ್ಟಿಕ್ ವಾಸನೆಯೂ ಇದೆ. ಬಿಸಿಲಿಗೆ ಕಾದ ಕಾರಿನಲ್ಲಿ ವಾರಗಟ್ಟಲೆ ಬಿದ್ದಿದ್ದ ಬಾಟಲಿ ನೀರನ್ನು, ಸೀಲ್ ಒಡೆದಿಲ್ಲವಲ್ಲ ಅಂತ, ವಿಸ್ಕಿಗೆ ಹಾಕಬೇಡಿ. ಫ್ರಿಜ್ಜಿನಲ್ಲಿ ಮುಚ್ಚಳವಿಲ್ಲದೆ ಇಟ್ಟ ಜಗ್ಗೂ ಅಷ್ಟೇ, ಪಕ್ಕದಲ್ಲಿ ಏನಿತ್ತೋ ಅದರ ವಾಸನೆಯನ್ನೆಲ್ಲ ನೀರು ಕುಡಿದು ಕೂತಿರುತ್ತದೆ. ಐಸಿಗೂ ಈ ಮಾತು ಅನ್ವಯ. ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಬಿದ್ದ ಐಸ್ ಕರಗಿಸಿ ಒಮ್ಮೆ ಮೂಸಿ ನೋಡಿ, ಸಾಕು, ನಾನು ಹೇಳುವುದೇ ಬೇಡ.

ಈಗ ಖನಿಜದ ಲೆಕ್ಕ

ವಾಸನೆ ಪರೀಕ್ಷೆ ಪಾಸಾದ ಮೇಲೆ ಗಡಸುತನಕ್ಕೆ ಬನ್ನಿ. ಬಾಟಲಿ ನೀರಾದರೆ ಲೇಬಲ್ ಹಿಂಭಾಗ ಓದಿ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕೊನೆಗೆ ಟಿಡಿಎಸ್ ಅಂತ ಒಂದು ಒಟ್ಟು ಲೆಕ್ಕ ಕೊಟ್ಟಿರುತ್ತಾರೆ. ಮಿನರಲ್ ವಾಟರ್ ಅಂತ ಹೆಸರು ಒಂದೇ ಆದರೂ ಒಳಗಿನ ನೀರು ಒಂದೇ ಅಲ್ಲ. ಎವಿಯಾನ್‌ನಲ್ಲಿ ಲೀಟರಿಗೆ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ, ವೊಲ್ವಿಕ್‌ನಲ್ಲಿ ಸುಮಾರು 12. ಎರಡೂ ಫ್ರಾನ್ಸಿನವೇ, ಎರಡೂ ಹೆಸರುವಾಸಿಯೇ, ವಿಸ್ಕಿಗೆ ಮಾತ್ರ ನಾನು ಎರಡನೆಯದರ ಕಡೆ.

ಖನಿಜ ಜಾಸ್ತಿ ಇದ್ದರೆ ಏನಾಗುತ್ತದೆ? ಬೈಕಾರ್ಬೊನೇಟ್ ಜಾಸ್ತಿ ಇರುವ ನೀರು ವಿಸ್ಕಿಯ ಹುಳಿಯನ್ನು ಕೊಲ್ಲುತ್ತದೆ. ಹಣ್ಣಿನಂಥ ಚುರುಕು ಹೋಗಿ ಸಪ್ಪೆಯಾಗುತ್ತದೆ, ಸೀಮೆಸುಣ್ಣ ನೆಕ್ಕಿದ ಹಾಗೆ ಒಂದು ಒಣಗು ನಾಲಿಗೆ ಮೇಲೆ ಉಳಿಯುತ್ತದೆ. ಸೋಡಿಯಂ ಜಾಸ್ತಿ ಇದ್ದರೆ ಉಪ್ಪುಪ್ಪು. ಎರಡು ಹನಿ ಹಾಕಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಹಾಕುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನೀವು ಎರಡನೇ ಗುಂಪಿನವರಾದರೆ ಮಾತ್ರ ಈ ಭಾಗವನ್ನು ಗಂಭೀರವಾಗಿ ತಗೊಳ್ಳಿ.

ಮನೆ ನೀರಾದರೆ ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟುದ್ದದ ಸಾಧನ ಸಿಗುತ್ತದೆ, ನೀರಿಗೆ ಅದ್ದಿದರೆ ಅಂಕಿ ತೋರಿಸುತ್ತದೆ. ನನ್ನ ಗೆರೆ 100. ಅದರೊಳಗಿದ್ದರೆ ಕಣ್ಣು ಮುಚ್ಚಿ ಬಳಸುತ್ತೇನೆ, 150ರವರೆಗೆ ಪರವಾಗಿಲ್ಲ, 300 ದಾಟಿದರೆ ಕುಡಿಯಲು ಸರಿ, ವಿಸ್ಕಿಗೆ ಬೇಡ. ಇದು ಯಾವ ಶಾಸ್ತ್ರದ ನಿಯಮವೂ ಅಲ್ಲ, ನನ್ನ ನಾಲಿಗೆ ಹಾಕಿಕೊಂಡ ಗೆರೆ. ಮೀಟರ್ ಅಂಕಿ ತೋರಿಸಿತು ಅಂತ ನೀರು ಚೊಕ್ಕ ಅಂದುಕೊಳ್ಳಬೇಡಿ. ಅದು ಕರಗಿರುವ ಲವಣದ ಲೆಕ್ಕ ಕೊಡುತ್ತದೆ ಅಷ್ಟೇ, ವಾಸನೆಯೂ ಅದಕ್ಕೆ ಗೊತ್ತಿಲ್ಲ, ಕ್ರಿಮಿಯೂ ಗೊತ್ತಿಲ್ಲ.

ಆರ್‌ಒ ನೀರು ಇದ್ದವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಆರ್‌ಒ ನೀರು ಸತ್ತ ನೀರು, ಅದನ್ನು ವಿಸ್ಕಿಗೆ ಹಾಕಬಾರದು ಅನ್ನುವವರಿದ್ದಾರೆ. ಬಾಟಲಿಗೆ ಇಳಿಸುವಾಗ ತಯಾರಕರೇ ಖನಿಜ ತೆಗೆದ ನೀರು ಬೆರೆಸುತ್ತಾರೆ ಅಂತ ಮೇಲೆ ಹೇಳಿದೆನಲ್ಲ, ಅದಕ್ಕಿಂತ ಬೇರೆ ಉತ್ತರ ಬೇಕಾ? ಒಂದೇ ಎಚ್ಚರಿಕೆ, ಫಿಲ್ಟರ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಯಂತ್ರದ ನೀರನ್ನು ಮತ್ತೆ ಮೂಸಿ ನೋಡಿ. ಡಿಸ್ಟಿಲ್ಡ್ ವಾಟರ್ ಕೂಡ ಆಗುತ್ತದೆ, ಆದರೆ ಕುಡಿಯಲು ಅಂತಲೇ ಮಾರುವಂಥದ್ದು ಆಗಿರಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಾಯಿಗೆ ಹೋಗುವ ಸಾಮಾನೇ ಅಲ್ಲ. ತಮಾಷೆಗೂ ಹಾಕಬೇಡಿ.

ಕುದಿಸಿದರೆ ಗಡಸುತನ ಹೋಗುತ್ತದಾ ಅಂತ ಕೇಳುತ್ತಾರೆ. ಸ್ವಲ್ಪ ಹೋಗುತ್ತದೆ. ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಹೋದ ಭಾಗ. ಎಲ್ಲವೂ ಹೋಗುವುದಿಲ್ಲ. ಕಬ್ಬಿಣದ ನೀರನ್ನಂತೂ ಕುದಿಸಿ ನಂಬಿಕೊಂಡು ಕೂರಬೇಡಿ.

ಸೋಡಾ ಬೇರೆಯೇ ಕಥೆ. ಗುಳ್ಳೆ ಅಂದರೆ ಇಂಗಾಲದ ಡೈ ಆಕ್ಸೈಡ್, ಅದು ನೀರಿನಲ್ಲಿ ಕರಗಿ ಹುಳಿಯಾಗುತ್ತದೆ, ನಾಲಿಗೆ ಚುಚ್ಚುತ್ತದೆ. ಐಸ್ ಹಾಕಿ ಸೋಡಾ ಬೆರೆಸಿ ಹೈಬಾಲ್ ಮಾಡಿ ಖುಷಿಯಾಗಿ ಕುಡಿಯಿರಿ, ನಾನೂ ಕುಡಿಯುತ್ತೇನೆ. ಆದರೆ ವಿಸ್ಕಿಯ ಗುಣ ನೋಡಬೇಕು ಅಂತ ಕೂತಾಗ ಗುಳ್ಳೆ ನಡುವೆ ಬರುವುದು ಬೇಡ.

ಭಟ್ಟಿ ಪಕ್ಕದ ಹೊಳೆ ನೀರೇ ಬೇಕಾ?

ಸ್ಪೇಸೈಡ್, ಐಲಾ ಎರಡೂ ಸ್ಕಾಟ್ಲೆಂಡಿನ ವಿಸ್ಕಿ ಪ್ರದೇಶಗಳು. ಸ್ಪೇಸೈಡ್ ವಿಸ್ಕಿಗೆ ಸ್ಪೇಸೈಡ್ ನೀರು, ಐಲಾ ವಿಸ್ಕಿಗೆ ಐಲಾ ನೀರು ಅಂತ ಒಂದು ವಾದ ಇದೆ. ಹಾಗೆ ಪ್ರದೇಶದ ಹೆಸರು ಹಾಕಿ ಸಣ್ಣ ಸಣ್ಣ ಬಾಟಲಿಯಲ್ಲಿ ನೀರು ಮಾರುವವರೂ ಇದ್ದಾರೆ. ಕೇಳಲು ಚೆಂದ. ಆದರೆ ಭಟ್ಟಿ ಇಳಿಸುವಾಗ ಖನಿಜವೆಲ್ಲ ಹಂಡೆಯಲ್ಲೇ ಉಳಿಯುತ್ತದೆ, ಆವಿಯ ಜೊತೆ ಮೇಲೆ ಬರುವುದಿಲ್ಲ. ಐಲಾ ದ್ವೀಪದ ನೀರು ಪೀಟ್ ನೆಲದಲ್ಲಿ ಹರಿದು ಟೀ ಡಿಕಾಕ್ಷನ್ ಥರ ಕಂದಾಗಿರುತ್ತದೆ ನಿಜ. ಹಾಗಂತ ವಿಸ್ಕಿಯ ಹೊಗೆ ಬಂದಿದ್ದು ಆ ನೀರಿನಿಂದಲ್ಲ, ಬಾರ್ಲಿ ಒಣಗಿಸುವಾಗ ಉರಿಸಿದ ಪೀಟ್‌ನಿಂದ. ಇನ್ನು ಸ್ಕಾಟ್ಲೆಂಡಿನ ನೀರೆಲ್ಲ ಮೆದು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಅಲ್ಲಿನ ಗ್ಲೆನ್‌ಮೊರಾಂಜಿ ಭಟ್ಟಿಯವರು ಬಳಸುವ ಟಾರ್ಲೋಗಿ ಬುಗ್ಗೆಯ ನೀರು ಗಡಸು. ಹಾಗಾದರೆ ಅವರ ವಿಸ್ಕಿಗೆ ನಾವೂ ಗಡಸು ನೀರು ಹಾಕಬೇಕಾ? ಇಲ್ಲ. ಅಮೆರಿಕದ ಕೆಂಟಕಿಯಲ್ಲಿ ಬರ್ಬನ್ ವಿಸ್ಕಿಗೆ ಬ್ರಾಂಚ್ ವಾಟರ್ ಅಂತ ತೊರೆ ನೀರು ಹಾಕುವ ಮಾತಿದೆ. ಅಲ್ಲಿನ ಸುಣ್ಣಕಲ್ಲಿನ ನೀರಿನ ಬಗ್ಗೆ ಅವರು ಹೊಗಳುವುದು ಮುಖ್ಯವಾಗಿ ಒಂದು ವಿಷಯ, ಅದರಲ್ಲಿ ಕಬ್ಬಿಣ ಇಲ್ಲ ಅಂತ. ನನ್ನ ಬೂದು ಲೋಟ ನೆನಪಾಯಿತಾ?

ಯಾರಾದರೂ ಉಡುಗೊರೆ ಕೊಟ್ಟರೆ ಆ ಪುಟ್ಟ ಬಾಟಲಿ ನೀರನ್ನು ಸಂತೋಷವಾಗಿ ಬಳಸಿ. ಅವು ಸಾಮಾನ್ಯವಾಗಿ ಒಳ್ಳೆ ನೀರೇ. ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ ಅಷ್ಟೇ.

ಎಷ್ಟು ಹಾಕಬೇಕು

ಯಾವ ನೀರು ಅನ್ನುವುದಕ್ಕಿಂತ ಎಷ್ಟು ನೀರು ಅನ್ನುವುದೇ ರುಚಿಯನ್ನು ಜಾಸ್ತಿ ಬದಲಿಸುತ್ತದೆ. ಲೆಕ್ಕ ಸುಲಭ. ವಿಸ್ಕಿಯ ಅಳತೆಯನ್ನು ಅದರ ಶೇಕಡದಿಂದ ಗುಣಿಸಿ, ನಿಮಗೆ ಬೇಕಾದ ಶೇಕಡದಿಂದ ಭಾಗಿಸಿ. ಬಂದದ್ದು ಲೋಟದಲ್ಲಿ ಒಟ್ಟು ಎಷ್ಟಿರಬೇಕು ಅನ್ನುವ ಲೆಕ್ಕ. ಶೇ 60ರ 30 ಮಿಲಿ ವಿಸ್ಕಿಯನ್ನು 45ಕ್ಕೆ ತರಬೇಕಾದರೆ ಒಟ್ಟು 40 ಮಿಲಿ ಬರುತ್ತದೆ, ಅಂದರೆ ನೀರು 10 ಮಿಲಿ, ಎರಡು ಟೀ ಚಮಚ. ಶೇ 46ರ 30 ಮಿಲಿಗೆ ಒಂದು ಟೀ ಚಮಚ ಹಾಕಿದರೆ ಹೆಚ್ಚುಕಡಿಮೆ 39ಕ್ಕೆ ಇಳಿಯುತ್ತದೆ.

ಈ ಲೆಕ್ಕ ಹಿಡಿದು ನೋಡಿದರೆ ಡ್ರಾಪರ್‌ನಿಂದ ಎರಡು ಹನಿ ಹಾಕಿ ಆಹಾ ಅನ್ನುವುದರ ಬಗ್ಗೆ ಸ್ವಲ್ಪ ನಗು ಬರುತ್ತದೆ. ಒಂದು ಮಿಲಿಗೆ ಸುಮಾರು 20 ಹನಿ. ಶೇ 60ರ 30 ಮಿಲಿಗೆ ಹತ್ತು ಹನಿ ಹಾಕಿದರೂ 59ಕ್ಕೆ ಇಳಿಯುತ್ತದೆ, ಅಷ್ಟೇ. ಹಾಗಂತ ಡ್ರಾಪರ್ ಎಸೆಯಬೇಡಿ. ಹನಿ ಬಿದ್ದಾಗ ಲೋಟದೊಳಗೆ ಎಣ್ಣೆಯಂಥ ಸುರುಳಿ ಸುರುಳಿ ಗೆರೆ ಏಳುತ್ತದೆ, ಬೆಳಕಿಗೆ ಹಿಡಿದು ನೋಡಿ, ಅದನ್ನು ನೋಡುವುದಕ್ಕಾದರೂ ಇರಲಿ.

ನೀರು ಹಾಕಿದರೆ ಘಮ ಏಳುತ್ತದೆ ಅನ್ನುವುದು ಬರೀ ಮಾತಲ್ಲ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಲೆಕ್ಕ ಹಾಕಿ ನೋಡಿದರು. ಅವರು ತೆಗೆದುಕೊಂಡಿದ್ದು ಗ್ವಾಯಕಾಲ್, ಹೊಗೆಯ ವಾಸನೆ ಕೊಡುವ ಅಣು. ಆಲ್ಕೋಹಾಲ್ 45ರವರೆಗೆ ಇದ್ದಾಗ ಅದು ಮೇಲ್ಮೈಗೆ ಬಂದು ನಿಲ್ಲುತ್ತದೆ, ಅಂದರೆ ನಿಮ್ಮ ಮೂಗಿಗೆ ಹತ್ತಿರ. 59 ದಾಟಿದರೆ ಆಲ್ಕೋಹಾಲ್ ಅಣುಗಳು ಸುತ್ತುವರಿದು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಕಾಸ್ಕ್ ಸ್ಟ್ರೆಂತ್ ವಿಸ್ಕಿ ನೀರು ಬಿದ್ದ ಮೇಲೆ ಬಾಯಿ ಬಿಡುತ್ತದೆ ಅನ್ನುವುದಕ್ಕೆ ಇದು ಒಂದು ಕಾರಣ.

ಹಾಗಂತ ಸುರಿಯುತ್ತಾ ಹೋಗಬೇಡಿ. 2023ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 25 ವಿಸ್ಕಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಪರೀಕ್ಷೆ ಮಾಡಿದರು. ಲೋಟದಲ್ಲಿ ಹಾಕಿದ ನೀರಿನ ಪಾಲು ಶೇ 20 ದಾಟುತ್ತಿದ್ದಂತೆ ಒಂದೇ ಬಗೆಯ ವಿಸ್ಕಿಗಳನ್ನು ಮೂಗಿನಿಂದ ಬೇರೆ ಬೇರೆ ಅಂತ ಗುರುತಿಸುವುದು ಕಷ್ಟವಾಗುತ್ತಾ ಬಂತು. 30 ಮಿಲಿಗೆ ಏಳೂವರೆ ಮಿಲಿ ಅಂದುಕೊಳ್ಳಿ. ಅಪರೂಪದ ಬಾಟಲಿ ತಂದು ಲೋಟದ ತುಂಬ ನೀರು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಾಗಾದರೆ ವಿಸ್ಕಿ ಬೆರೆಸುವ ಪರಿಣತರು ಆಲ್ಕೋಹಾಲನ್ನು ಶೇ 20ಕ್ಕೆ ಇಳಿಸಿ ಮೂಸುತ್ತಾರಲ್ಲ ಅಂತ ಕೇಳಬಹುದು. ನಿಜ, ಹಾಗೆ ಮಾಡುತ್ತಾರೆ. ಆದರೆ ಅವರು ಒಂದೇ ದಿನ ಹತ್ತಾರು ಪೀಪಾಯಿ ನೋಡಬೇಕು, ಮೂಗು ಸೋಲಬಾರದು, ಮುಖ್ಯವಾಗಿ ತಪ್ಪು ಹುಡುಕಬೇಕು. ನಾವು ಸಂಜೆ ಕೂತು ತಪ್ಪು ಹುಡುಕುತ್ತಿಲ್ಲ. ಜಪಾನಿನ ಟ್ವೈಸ್ ಅಪ್ ಪದ್ಧತಿಯಲ್ಲಿ ಸಮಸಮ ನೀರು ಹಾಕುತ್ತಾರೆ, ಐಸ್ ಇಲ್ಲದೆ. ಮಿಜುವಾರಿಯಲ್ಲಿ ಐಸೂ ಹಾಕಿ ನೀರು ಎರಡು ಪಾಲಿಗೂ ಜಾಸ್ತಿ. ಅಲ್ಲಿ ವಿಸ್ಕಿಯಷ್ಟೇ ನೀರಿಗೂ ಮರ್ಯಾದೆ, ಅದಕ್ಕೇ ಮೆದು ನೀರು ಇಲ್ಲದೆ ಮಿಜುವಾರಿ ಮಾಡಬೇಡಿ ಅನ್ನುತ್ತೇನೆ.

ಹಾಕುವ ರೀತಿ ಹೀಗೆ. ನೀರು ಕೋಣೆಯ ಬಿಸಿಯಷ್ಟೇ ಇರಲಿ, ಫ್ರಿಜ್ಜಿನದು ಬೇಡ. ಅರ್ಧ ಟೀ ಚಮಚ ಹಾಕಿ. ಲೋಟ ತಿರುಗಿಸಿ, ಒಂದೆರಡು ನಿಮಿಷ ಬಿಡಿ. ನೀರು ಮತ್ತು ಆಲ್ಕೋಹಾಲ್ ಸೇರುವಾಗ ಸ್ವಲ್ಪ ಬಿಸಿ ಹುಟ್ಟುತ್ತದೆ, ಮೊದಲ ಕ್ಷಣದ ವಾಸನೆ ನಂಬಬೇಡಿ. ಮೂಸಿ, ಗುಟುಕರಿಸಿ, ಬೇಕಾದರೆ ಮತ್ತೆ ಅರ್ಧ ಚಮಚ. ಉರಿ ಹೋಗಿ ರುಚಿ ಇನ್ನೂ ಉಳಿದಿರುವ ಒಂದು ಜಾಗ ಇರುತ್ತದೆ, ಅಲ್ಲಿ ಕೈ ತಡೆಯಿರಿ. ಹಾಕಿದ ನೀರನ್ನು ತೆಗೆಯಲು ಬರುವುದಿಲ್ಲ, ಹಾಕದ ನೀರು ಜಗ್ಗಿನಲ್ಲೇ ಇರುತ್ತದೆ.

ನೀರು ಹಾಕಿದಾಗ ವಿಸ್ಕಿ ತೆಳುವಾಗಿ ಮಂಜು ಕಟ್ಟಿದರೆ ಗಾಬರಿ ಬೇಡ. ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗೆ ಮಾಡಿ ಸೋಸದ, ವಿಸ್ಕಿಯಲ್ಲಿ ಕೊಬ್ಬಿನಂಥ ಎಸ್ಟರ್‌ಗಳು ಉಳಿದಿರುತ್ತವೆ, ಆಲ್ಕೋಹಾಲ್ 46ಕ್ಕಿಂತ ಕೆಳಗಿಳಿದರೆ, ಅದರಲ್ಲೂ ತಣ್ಣಗಿದ್ದರೆ, ಅವು ಕರಗದೆ ಮೋಡದ ಹಾಗೆ ಕಾಣುತ್ತವೆ. ಇದು ಬಿಳಿ ಮಂಜು. ನನಗೆ ಸಿಕ್ಕಿದ್ದು ಬೂದು. ಬಿಳಿಯಾದರೆ ಕುಡಿಯಿರಿ, ಬೂದಾದರೆ ನೀರು ಬದಲಿಸಿ.

ಮನೆಯಲ್ಲೇ ಒಂದು ಪರೀಕ್ಷೆ

ಇಷ್ಟೆಲ್ಲ ಓದಿ ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಒಂದೇ ಥರದ ಮೂರು ಲೋಟ ತಗೊಳ್ಳಿ. ಮೂರಕ್ಕೂ 5 ಮಿಲಿ ವಿಸ್ಕಿ, 5 ಮಿಲಿ ನೀರು. ಎರಡರಲ್ಲಿ ನಲ್ಲಿ ನೀರು, ಒಂದರಲ್ಲಿ ನೀವು ಕಾಸು ಕೊಟ್ಟು ತಂದ ನೀರು. ನೀವು ಬೇರೆ ಕೋಣೆಯಲ್ಲಿರಿ, ಇನ್ನೊಬ್ಬರು ಸುರಿದು ಲೋಟದ ತಳಕ್ಕೆ ಗುರುತು ಹಾಕಿ ಅದಲುಬದಲು ಮಾಡಿ ಇಡಲಿ. ಒಳಗೆ ಬಂದು ಬೇರೆಯದು ಯಾವುದು ಅಂತ ಹೇಳಿ. ಇದನ್ನು ಆರು ಸಲ ಮಾಡಿ. ಮೂಸಿ, ನಾಲಿಗೆಗೆ ತಾಗಿಸಿ, ಉಗಿಯಿರಿ. ಎಲ್ಲ ಕುಡಿದರೆ ಆರನೇ ಸುತ್ತಿಗೆ ಲೋಟ ಮೂರೋ ನಾಲ್ಕೋ ಅನ್ನುವುದೇ ಅನುಮಾನವಾಗುತ್ತದೆ. ಸುಮ್ಮನೆ ಊಹೆ ಹೊಡೆದರೂ ಆರರಲ್ಲಿ ಎರಡು ಸರಿ ಬರುತ್ತದೆ, ಹಾಗಾಗಿ ಐದಾದರೂ ಸರಿ ಬಂದರೆ ಮಾತ್ರ ನಿಮ್ಮ ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತಿದೆ ಅಂತ ಲೆಕ್ಕ.

ನಾನು ಮಾಡಿದಾಗ ಬೋರ್‌ವೆಲ್ ನೀರಿನ ಎದುರು ಆರಕ್ಕೆ ಆರೂ ಸಿಕ್ಕಿತು. ಕ್ಲೋರಿನ್ ವಾಸನೆಯ ನಲ್ಲಿ ನೀರಿನ ಎದುರು ಐದು. ಅದೇ ನಲ್ಲಿ ನೀರನ್ನು ರಾತ್ರಿ ತೆರೆದಿಟ್ಟು, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ, ಬಾಟಲಿ ನೀರಿನ ಎದುರು ಇಟ್ಟಾಗ ಬಂದಿದ್ದು ಎರಡು. ಈಗ ಒಂದು ಸಣ್ಣ ಗಾಜಿನ ಶೀಶೆ ಇದೆ, ರಾತ್ರಿ ಸೋಸಿದ ನೀರು ತುಂಬಿಸಿ ವಿಸ್ಕಿ ಬಾಟಲಿ ಪಕ್ಕದಲ್ಲೇ ಇಡುತ್ತೇನೆ, ಫ್ರಿಜ್ಜಿನಲ್ಲಿ ಅಲ್ಲ. ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿಸುತ್ತೇನೆ.